ಹಿಡಿಕೆಗೆ ಕಟ್ಟಿದ್ದ ಬಟ್ಟೆ

ಮಾರ್ಚ್ ಒಂಬತ್ತು, ಭಾನುವಾರ
ಊಟವಾದ ಮೇಲೆ

ನನ್ನ ತಂಗಿಗೆ,

ಯೇಸುಸ್ವಾಮಿಯ ಸಮಾಧಾನ ನಿನ್ನ ಮೇಲೂ ನಿನ್ನ ಗಂಡನ ಮೇಲೂ ಮಗಳ ಮೇಲೂ ಇರಲಿ. ನಿನ್ನ ಎರಡು ಕಾಗದಗಳೂ ನನಗೆ ತಲುಪಿವೆ. ಮೊದಲನೆಯದು ಬಂದು ಎರಡು ವರ್ಷ ದಾಟಿತು, ಎರಡನೆಯದಕ್ಕೂ ವರ್ಷವಾಗುತ್ತ ಬಂತು. ಅಂಚೆಯವನು ಬೇರೆ ಮನೆಗೆ ಹಾಕಿದ್ದ, ಕಣ್ಣು ಸರಿಯಿರಲಿಲ್ಲ ಎಂದೆಲ್ಲ ಬರೆಯಬಹುದು. ಆದರೆ ಇನ್ನೊಂದು ಸುಳ್ಳು ಬರೆಯುವುದಕ್ಕೆ ನಾನು ಪೆನ್ನು ಹಿಡಿದಿಲ್ಲ. ಎರಡನ್ನೂ ಓದಿದೆ, ಮಡಿಸಿದೆ, ಟ್ರಂಕಿನಲ್ಲಿ ನಿನ್ನ ಭಾವನ ಅಂಗಿಗಳ ಕೆಳಗೆ ಇಟ್ಟೆ. ಉತ್ತರ ಕೊಡಲಿಲ್ಲ, ಅಷ್ಟೆ. ತಡವಾಯಿತು ಕ್ಷಮಿಸು ಎನ್ನುವ ಮಾತು ಇದಕ್ಕೆ ತೀರ ಚಿಕ್ಕದು.

ಮೊದಲು ಮನೆಯ ಸುದ್ದಿ ಹೇಳುತ್ತೇನೆ, ನೀನು ಹಾಗೇ ಕೇಳುವವಳು. ನನಗೆ ಮಂಡಿ ನೋವು ಬಂದಿದೆ, ಮೆಟ್ಟಿಲು ಇಳಿಯುವಾಗ ಮುದುಕಿಯ ಹಾಗೆ ಗೋಡೆ ಹಿಡಿಯುತ್ತೇನೆ. ಬೆರಳ ತುದಿಗಳು ಬ್ಲೀಚು ತಿಂದು ಹಾಗೇ ಇವೆ. ಆಸ್ಪತ್ರೆಯ ಲಾಂಡ್ರಿಯಲ್ಲಿ ಹಳೆಯ ಯಂತ್ರಗಳು ಮೂರೂ ಹೋದವು. ಹೊಸದಕ್ಕೆ ಬಾಗಿಲು ಹಾಕದಿದ್ದರೆ ತಿರುಗುವುದೇ ಇಲ್ಲ, ಎಷ್ಟು ಒತ್ತಿದರೂ ಮುನಿಸಿಕೊಂಡ ಸೊಸೆಯ ಹಾಗೆ ಸುಮ್ಮನಿರುತ್ತದೆ. ಇಸ್ತ್ರಿ ಅಜ್ಜಿ ಕೆಲಸ ಬಿಟ್ಟಳು. ಹೋಗುವ ದಿನ ನಿನ್ನನ್ನು ನೆನೆದಳು. ಹಾಸಿಗೆ ಬಟ್ಟೆಯಲ್ಲಿ ಯಾರದ್ದೋ ಹಲ್ಲಿನ ಸೆಟ್ಟು ಸಿಕ್ಕಿದಾಗ ನೀನು ಅದನ್ನು ತಟ್ಟೆಯಲ್ಲಿಟ್ಟುಕೊಂಡು ವಾರ್ಡು ವಾರ್ಡಿಗೂ ಹೋಗಿ "ತಾತ, ಬಾಯಿ ತೆಗೀರಿ ನೋಡೋಣ" ಎಂದು ಕೇಳಿ ಬಂದೆಯಲ್ಲ, ಅದನ್ನು ಹೇಳಿ ನಗುತ್ತ ಕಣ್ಣೊರೆಸಿಕೊಂಡಳು. ನಾನು ಬಟ್ಟೆ ಮಡಿಸುವ ನೆಪದಲ್ಲಿ ಅಲ್ಲಿಂದ ಎದ್ದು ಹೋದೆ.

ಈಗ ಮಡಿಸುವ ಮೇಜಿನಲ್ಲಿ ನನ್ನ ಎದುರಿಗೆ ಒಬ್ಬ ಹೊಸ ಹುಡುಗಿ ನಿಲ್ಲುತ್ತಾಳೆ. ಇಪ್ಪತ್ತು ವರ್ಷವಿರಬಹುದು, ಬಾಯಿಗೆ ಬಿಡುವೇ ಇಲ್ಲ. ಹೋದ ತಿಂಗಳು ಚಾದರದ ಎರಡು ತುದಿ ಹಿಡಿದು ನನ್ನ ಕಡೆಗೆ ನಡೆದು ಬಂದವಳು, ತುದಿ ನನ್ನ ಕೈಗೆ ಕೊಡುತ್ತ ಕೇಳಿದಳು:

"ಅಕ್ಕಾ, ಗಡಿಬಿಡಿ ಅನ್ನೋಳು ನಿಜವಾಗ್ಲೂ ಇದ್ಳಾ? ಇಲ್ಲ ನಮ್ಮನ್ನ ಹೆದರಿಸೋಕೆ ಮೇಸ್ತ್ರಿ ಕಟ್ಟಿರೋ ಕಥೆನಾ?"

ನೀನು ಟ್ರಾಲಿ ತಳ್ಳಿಕೊಂಡು ಓಡುತ್ತಿದ್ದುದಕ್ಕೆ ನಿನ್ನ ಭಾವ ಪ್ರೀತಿಯಿಂದ ಇಟ್ಟ ಹೆಸರು ಅದು. ಈಗ ಅದು ಅಲ್ಲಿ ಬೈಗುಳವಾಗಿದೆ. ಯಾರಾದರೂ ನೋಡದೆ ಸ್ವಿಚ್ಚಿಗೆ ಕೈ ಹಾಕಿದರೆ "ಏಯ್ ಗಡಿಬಿಡಿ, ಯಾರನ್ನ ಕೊಲ್ತೀಯಾ?" ಎನ್ನುತ್ತಾರೆ. ಮೂರು ವರ್ಷದಿಂದ ಅದನ್ನು ಕೇಳಿಸಿಕೊಂಡು ಅಲ್ಲೇ ಅನ್ನ ತಿಂದಿದ್ದೇನೆ. ಚಾದರ ಕೈಯಿಂದ ಜಾರಿತು. "ಅಕ್ಕಾ, ತೊಳೆದದ್ದು, ನೆಲಕ್ಕೆ ಬಿತ್ತು" ಎಂದು ಅವಳೇ ಎತ್ತಿಕೊಂಡಳು.

ನಿನ್ನ ಎರಡನೆಯ ಕಾಗದದಲ್ಲಿ ಒಂದು ಮಾತು ಬರೆದಿದ್ದೆ. "ಅಕ್ಕಾ, ಹಿಡಿಕೆಯ ಮೇಲೆ ಬಿಲ್ಲೆ ಇರಲಿಲ್ಲ ಅಂತ ನಾನು ಹಟ ಮಾಡಿದೆ. ಈಗ ಅನ್ನಿಸ್ತಿದೆ, ಇತ್ತೇನೋ, ನಾನೇ ಸರಿಯಾಗಿ ನೋಡಲಿಲ್ಲವೇನೋ. ನೀನು ಸುಳ್ಳು ಹೇಳೋಳಲ್ಲ."

ತಂಗಿ, ನೀನು ಸರಿಯಾಗಿ ನೋಡಿದ್ದೆ. ಬಿಲ್ಲೆ ಇರಲಿಲ್ಲ. ನಾನು ಸುಳ್ಳು ಹೇಳಿದೆ.

ಇದನ್ನು ಬರೆದು ಸ್ವಲ್ಪ ಹೊತ್ತು ಎದ್ದು ಹೋಗಿದ್ದೆ. ನೀರು ಕುಡಿದು ಬಂದೆ. ನಿನಗೆ ಗೊತ್ತಿರುವುದನ್ನೂ ಗೊತ್ತಿಲ್ಲದ್ದನ್ನೂ ಸೇರಿಸಿ, ನಡೆದ ಹಾಗೆ ಬರೆಯುತ್ತೇನೆ. ಮಧ್ಯದಲ್ಲಿ ಬಿಟ್ಟರೆ ಮತ್ತೆ ಯಾವುದೋ ಸಂದಿಯಲ್ಲಿ ಅಡಗಿಕೊಂಡುಬಿಡುತ್ತೇನೆ, ನನ್ನನ್ನು ನಾನು ಬಲ್ಲೆ.

ಯಂತ್ರದೊಳಗೆ ಕೈ ಹಾಕುವವರು ತಮ್ಮ ನಂಬರಿನ ಹಿತ್ತಾಳೆ ಬಿಲ್ಲೆಯನ್ನು ಸ್ವಿಚ್ಚಿನ ಹಿಡಿಕೆಗೆ ತೂಗುಹಾಕಬೇಕು, ಹಾಕಿದವರೇ ತೆಗೆಯಬೇಕು. ಅದು ನಮ್ಮಲ್ಲಿ ಎಷ್ಟು ಗಟ್ಟಿ ನಿಯಮವೆಂದರೆ, ಮೇಸ್ತ್ರಿ ಕೂಡ ಇನ್ನೊಬ್ಬರ ಬಿಲ್ಲೆ ಮುಟ್ಟುತ್ತಿರಲಿಲ್ಲ. ನಿನ್ನ ಭಾವನ ಬಿಲ್ಲೆಯ ದಾರ ಬ್ಲೀಚಿಗೆ ಕೊಳೆತಿತ್ತು. ಹಿಂದಿನ ಸಂಜೆ ನಾನೇ ಅದನ್ನು ಕತ್ತರಿಸಿದೆ, ಹೊಸ ದಾರ ಕಟ್ಟೋಣ ಎಂದು ಹೊಲಿಗೆ ಡಬ್ಬಿಯಲ್ಲಿ ಹಾಕಿದೆ, ಮರೆತೆ. ಬೆಳಿಗ್ಗೆ ಕೆಲಸಕ್ಕೆ ಹೋದ ಮೇಲೆ ಅವರು ಜೇಬು ತಡಕಿ ನನ್ನ ಹತ್ತಿರ ಬಂದರು.

"ಬಿಲ್ಲೆ ಎಲ್ಲೇ?"

"ಅಯ್ಯೋ, ಮನೇಲೇ ಉಳೀತು. ಇವತ್ತೊಂದಿನ ಏನಾದ್ರೂ ಕಟ್ಟಿಕೊಳ್ಳಿ."

"ಏನಾದ್ರೂ ಅಂದ್ರೆ, ನಿನ್ನ ಜಡೆ ಕಟ್ಲಾ?" ಎಂದು ನಗುತ್ತ ಹೋದರು.

ಮೂರನೇ ಯಂತ್ರದೊಳಗೆ ಚಾದರ ಗಂಟುಬಿದ್ದು ಸಿಕ್ಕಿಕೊಂಡಿತ್ತು. ಅವರು ಹರಿದ ದಿಂಬಿನ ಚೀಲವೊಂದನ್ನು ಹಿಡಿಕೆಗೆ ಸುತ್ತಿ, ಹಿಂದಿನ ಬಾಗಿಲಿನಿಂದ ಸೊಂಟದವರೆಗೆ ಒಳಗೆ ಬಾಗಿದರು. ನೀನು ಮುಂದಿನಿಂದ ಬಂದೆ. ಲಾಂಡ್ರಿಯಲ್ಲಿ ಬಿಳಿ ಬಟ್ಟೆ ನೇತಾಡುತ್ತಿದ್ದರೆ ಅದಕ್ಕೆ ಏನರ್ಥ? ಎಲ್ಲರೂ ಕೈ ಒರೆಸಿ ಕಂಡಕಂಡಲ್ಲಿ ನೇತುಹಾಕುವವರೇ, ಮೇಸ್ತ್ರಿ ದಿನಾ ಅದಕ್ಕೇ ಕೂಗಾಡುತ್ತಿದ್ದ. ಹರಿದದ್ದನ್ನೆಲ್ಲ ಆರಿಸಿ ಬುಟ್ಟಿಗೆ ಹಾಕುವುದು ನಿನ್ನ ಕೆಲಸ. ನೀನು ಆ ಚೀಲ ಬಿಚ್ಚಿದೆ, ಹರಿದದ್ದು ನೋಡಿ ಬುಟ್ಟಿಗೆ ಹಾಕಿದೆ, ಹಿಡಿಕೆ ಇಳಿಸಿದೆ. ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ. ನಮ್ಮಲ್ಲಿ ಯಾರಾಗಿದ್ದರೂ ಅದನ್ನೇ ಮಾಡುತ್ತಿದ್ದರು.

ಅವರು ಒಳಗಿರುವಾಗಲೇ ಯಂತ್ರ ತಿರುಗಿತು. ಒಂಬತ್ತು ದಿನಕ್ಕೆ ಕರ್ತನು ಅವರನ್ನು ಕರೆದುಕೊಂಡ. ಮಣ್ಣು ಮಾಡಿ ಬಂದ ಮಾರನೇ ದಿನ ಆಸ್ಪತ್ರೆಯವರು ವಿಚಾರಣೆಗೆ ಕೂತರು. ನೀನು ಬಾಗಿಲ ಹತ್ತಿರ ನಿಂತು "ಬಟ್ಟೆ ಮಾತ್ರ ಇತ್ತು ಸ್ವಾಮಿ, ಬಿಲ್ಲೆ ಇರಲಿಲ್ಲ" ಎಂದೆ. ಅವರು ನನ್ನ ಕಡೆ ತಿರುಗಿದರು. ಬಿಲ್ಲೆ ಯಾಕೆ ಇರಲಿಲ್ಲ ಎನ್ನುವ ಪ್ರಶ್ನೆ ಇನ್ನು ಬರುತ್ತದೆ, ಉತ್ತರ ನಾನೇ ಎಂದು ನನಗೆ ಗೊತ್ತಾಯಿತು. ಬಾಯಿ ತಾನಾಗಿ ಹೇಳಿತು: "ಇತ್ತು. ನಾನೇ ನೋಡಿದೆ." ಅಷ್ಟಕ್ಕೇ ನಿಲ್ಲಿಸಿದ್ದರೆ ಹೆದರಿ ಆಡಿದ ಮಾತು ಎನ್ನಬಹುದಿತ್ತು. ಮಾರನೇ ದಿನ ಡಬ್ಬಿಯಿಂದ ಬಿಲ್ಲೆ ತೆಗೆದು, ಹಳೇ ದಾರವನ್ನೇ ಪೋಣಿಸಿ, ಯಂತ್ರದ ಕೆಳಗೆ ಸಿಕ್ಕಿತು ಎಂದು ಮೇಸ್ತ್ರಿಯ ಕೈಗೆ ಕೊಟ್ಟೆ. ಅದನ್ನು ಹೆದರಿ ಮಾಡಲಿಲ್ಲ, ಯೋಚಿಸಿ ಮಾಡಿದೆ. ಆ ಬಿಲ್ಲೆಯಿಂದ ನೀನು ಸುಳ್ಳಿಯಾದೆ, ಕೆಲಸ ಹೋಯಿತು, ಊರು ಬಿಟ್ಟೆ.

ಇನ್ನೊಂದು ನಿನಗೆ ಗೊತ್ತಿಲ್ಲ. ನೀನು ಹೋದ ಮೇಲೆ ಒಂದು ಭಾನುವಾರ ನಾನು ಚರ್ಚಿನ ಸಭೆಯಲ್ಲಿ ಎದ್ದು ನಿಂತು, "ನನ್ನ ಗಂಡನ ಸಾವಿಗೆ ಕಾರಣಳಾದ ತಂಗಿಯನ್ನು ನಾನು ಕ್ಷಮಿಸಿದ್ದೇನೆ" ಎಂದು ಸಾಕ್ಷಿ ಹೇಳಿದೆ. ಹೆಂಗಸರು ಅತ್ತರು. ಆಮೇಲೆ ನನ್ನನ್ನು ಮುಂದಿನ ಬೆಂಚಿನಲ್ಲಿ ಕೂರಿಸತೊಡಗಿದರು. ಯಾರ ಮನೆಯಲ್ಲಿ ಜಗಳವಾದರೂ "ಆಕೆಯನ್ನ ನೋಡಿ ಕಲೀರಿ" ಎಂದು ನನ್ನನ್ನು ತೋರಿಸುತ್ತಿದ್ದರು. ಆದರೆ ಕರ್ತನು ಕಲಿಸಿದ ಪ್ರಾರ್ಥನೆಯಲ್ಲಿ ತಪ್ಪು ಮನ್ನಿಸು ಎಂದು ಕೇಳುವ ಜಾಗ ಬಂದಾಗ ತುಟಿ ಆಡಿಸುತ್ತಿದ್ದೆ, ದನಿ ಬರುತ್ತಿರಲಿಲ್ಲ. ಪಕ್ಕದವರು ಗಂಡನ ನೆನಪೆಂದುಕೊಂಡು ನನ್ನ ಕೈ ಒತ್ತುತ್ತಿದ್ದರು.

ಚಾದರ ಬಿದ್ದ ದಿನ ಕೆಲಸ ಮುಗಿಸಿ ನೇರ ಪಾದ್ರಿಯ ಹತ್ತಿರ ಹೋದೆ. ಈಗಿನವರು ಚಿಕ್ಕ ವಯಸ್ಸಿನವರು. ಬಾಯಲ್ಲಿ ಮೊಳೆ ಕಚ್ಚಿಕೊಂಡು ಮುರಿದ ಬೆಂಚಿಗೆ ಹೊಸ ಕಾಲು ಜೋಡಿಸುತ್ತಿದ್ದರು. ನಾನು ನಿಂತೇ ಎಲ್ಲ ಹೇಳಿದೆ. ಮೊಳೆಗಳನ್ನು ಒಂದೊಂದಾಗಿ ತೆಗೆದು ಅಂಗೈಯಲ್ಲಿಟ್ಟುಕೊಂಡರು. ಈಗ ದೇವರು ದೊಡ್ಡವನು, ಮನಸ್ಸಿಗೆ ಹಚ್ಚಿಕೋಬೇಡಿ ಎನ್ನುತ್ತಾರೆ ಎಂದು ಕಾಯುತ್ತಿದ್ದೆ.

"ದೇವರು ಕ್ಷಮಿಸ್ತಾನಾ ಅಂತ ಕೇಳೋಕೆ ಬಂದ್ರಾ ತಾಯಿ?" ಎಂದರು.

"ಹೌದು."

"ಕ್ಷಮಿಸ್ತಾನೆ. ಅದರಲ್ಲಿ ನನಗೆ ಅನುಮಾನ ಇಲ್ಲ. ಆದ್ರೆ ಅದನ್ನ ಮೊದಲು ಜೇಬಿಗೆ ಹಾಕ್ಕೊಂಡು ಆಮೇಲೆ ನಿಮ್ಮ ತಂಗಿ ಹತ್ರ ಹೋಗೋಣ ಅನ್ನಬೇಡಿ. ಮೊದ್ಲು ಅವರದ್ದು ಅವರಿಗೆ ಕೊಡಿ."

"ಅವಳು ಮುಖಕ್ಕೆ ಉಗಿದ್ರೆ?"

"ಒರೆಸ್ಕೊಳ್ಳಿ," ಎಂದರು. ನಗಲಿಲ್ಲ. ಆಮೇಲೆ ಆ ಬೆಂಚಿನ ಮೇಲೇ ನನ್ನನ್ನು ಕೂರಿಸಿ ಪ್ರಾರ್ಥನೆ ಮಾಡಿದರು. ಬೆಂಚು ಇನ್ನೂ ಅಲ್ಲಾಡುತ್ತಿತ್ತು.

ಮೇಸ್ತ್ರಿಗೆ ಹೇಳಿದಾಗ ಅವನು ಮೊದಲು ಬಾಗಿಲು ಹಾಕಿದ. "ಮೂರು ವರ್ಷ ಆಯ್ತು, ಯಾಕಮ್ಮಾ ಈಗ ಕೆದಕ್ತೀಯ? ಅವಳು ಎಲ್ಲೋ ಇದಾಳೆ, ನೀನು ಇಲ್ಲಿದೀಯ, ಯಂತ್ರ ಕೂಡ ಗುಜರಿಗೆ ಹೋಯ್ತು" ಎಂದ. ನಾನು ಕಾಗದ ಕೊಡು ಎಂದೆ. ನಡೆದದ್ದನ್ನೆಲ್ಲ ಬರೆದು ಸಹಿ ಹಾಕಿ ಕೊಟ್ಟೆ. ಅದರದ್ದೇ ಇನ್ನೊಂದು ಪ್ರತಿ ಇದರ ಜೊತೆ ಇಟ್ಟಿದ್ದೇನೆ, ಮೇಸ್ತ್ರಿಯ ಮೊಹರೂ ಇದೆ. ನಿನ್ನ ಮಗಳಿಗೆ ಓದಿಸು. ಅವಳ ತಾಯಿ ಸುಳ್ಳು ಹೇಳಿರಲಿಲ್ಲ ಎಂದು ಅವಳಿಗೆ ಗೊತ್ತಾಗಬೇಕು.

ಆಸ್ಪತ್ರೆಯ ದೊಡ್ಡವರು ತೀರ್ಮಾನ ಮಾಡುವತನಕ ಕೆಲಸಕ್ಕೆ ಬರಬೇಡ ಎಂದಿದ್ದಾರೆ. ಇಂದಿಗೆ ಹನ್ನೊಂದು ದಿನ. ಇವತ್ತು ಬೆಳಿಗ್ಗೆ ಸಭೆಯಲ್ಲೂ ಎದ್ದು, ಅವತ್ತು ನಿಂತ ಜಾಗದಲ್ಲೇ ನಿಂತು ಹೇಳಿದೆ. ಈ ಸಲ ಯಾರೂ ಅಳಲಿಲ್ಲ. ಒಬ್ಬಾಕೆ ತನ್ನ ಮಗುವನ್ನು ನನ್ನ ಪಕ್ಕದಿಂದ ಎತ್ತಿಕೊಂಡು ಹೋದಳು. ಹೊರಗೆ ಬಂದಾಗ ಮುಂದಿನ ಬೆಂಚಿನ ಹೆಂಗಸರು ಚಪ್ಪಲಿ ಹುಡುಕುವುದರಲ್ಲಿ ಬಹಳ ಮಗ್ನರಾಗಿದ್ದರು. ಅವರ ಮೇಲೆ ನನಗೆ ಕೋಪವಿಲ್ಲ.

ಇವತ್ತು ಪ್ರಾರ್ಥನೆಯ ಆ ಜಾಗದಲ್ಲಿ ನನ್ನ ದನಿ ಬಂತು, ಒಡಕು ದನಿ. ಎದೆಯ ಭಾರ ಇಳಿಯಿತು ಎಂದು ಬರೆದರೆ ಅದೂ ಸುಳ್ಳಾಗುತ್ತದೆ. ಹೆದರಿಕೆ ಹಾಗೇ ಇದೆ, ನಾಚಿಕೆ ಹೆಚ್ಚಾಗಿದೆ. ಆದರೆ ಮೂರು ವರ್ಷ ನಾನು ಪ್ರಾರ್ಥನೆಗೆ ಕೂತಾಗ ಸ್ವಾಮಿಗೆ ಬೆನ್ನು ಹಾಕಿ ಕೂತಂತಿತ್ತು. ಈಗ ಎದುರಿಗೆ ಕೂತಿದ್ದೇನೆ. ಆತನು ಎದ್ದು ಹೋಗಿಲ್ಲ. ನನಗೆ ಇರುವ ಭರವಸೆ ಅಷ್ಟೇ, ಅದನ್ನೇ ಹಿಡಿದುಕೊಂಡಿದ್ದೇನೆ.

ನೀನು ನನ್ನನ್ನು ಕ್ಷಮಿಸು ಎಂದು ಕೇಳುತ್ತಿದ್ದೇನೆ. ಕ್ಷಮಿಸಲೇಬೇಕು, ನೀನೂ ದೇವರ ಮಗಳಲ್ಲವೇ ಎಂದು ಮಾತ್ರ ಹೇಳುವುದಿಲ್ಲ. ಹಾಗೆ ಹೇಳುವ ಬಾಯಿ ನನ್ನದಲ್ಲ. ಉತ್ತರ ಬರೆಯದಿದ್ದರೆ ನಾನು ಅರ್ಥ ಮಾಡಿಕೊಳ್ಳುತ್ತೇನೆ. ಬೈದು ಬರೆದರೆ ಓದುತ್ತೇನೆ, ಅಂಗಿಗಳ ಕೆಳಗೆ ಬಚ್ಚಿಡುವುದಿಲ್ಲ.

ನಿನ್ನ ಮಗಳ ಓದು ಚೆನ್ನಾಗಿ ಸಾಗಲಿ. ನಿನ್ನ ಗಂಡನ ಕೈಗೆ ಬಲ ಬರಲಿ. ನಿನ್ನ ನಿದ್ದೆ ನಿನಗೆ ವಾಪಸು ಬರಲಿ ಎಂದು ದಿನವೂ ಬೇಡುತ್ತೇನೆ, ಅದನ್ನು ಕದ್ದವಳು ನಾನೇ ಆದ್ದರಿಂದ.

ನಿನ್ನ
ಅಕ್ಕ

ಮತ್ತೆ ಬರೆದದ್ದು: ಕಾಗದ ಮಡಿಸಿ ಲಕೋಟೆಗೆ ಹಾಕಿದ್ದೆ, ಮತ್ತೆ ತೆಗೆದೆ. ಮೇಸ್ತ್ರಿಗೆ ಬರೆದುಕೊಟ್ಟದ್ದರಲ್ಲಿ ಇದಿಲ್ಲ, ಪಾದ್ರಿಗೂ ಹೇಳಿಲ್ಲ. ನಿನ್ನ ಭಾವ ವಾರ್ಡಿನಲ್ಲಿದ್ದಷ್ಟು ದಿನ ನೀನು ಕೆಳಗೆ ಮೆಟ್ಟಿಲ ಮೇಲೆ ಕೂತಿದ್ದೆ. ಎಂಟನೇ ದಿನ ಮಧ್ಯಾಹ್ನ ನಾನು ಇಳಿದು ಬಂದು, "ನಿನ್ನ ಮುಖ ನೋಡೋಲ್ಲ ಅಂದ್ರು, ಹೋಗು" ಎಂದೆ. ಅವರು ಹಾಗೆ ಹೇಳಿರಲಿಲ್ಲ. ಅವತ್ತು ಬಾಯಿಂದ ಕೊಳವೆ ತೆಗೆದಿದ್ದರು, ಮೊದಲು ಕೇಳಿದ್ದೇ ನಿನ್ನನ್ನು. "ಅವಳದ್ದೇನೂ ತಪ್ಪಿಲ್ಲ, ಬಟ್ಟೆ ಕಟ್ಟಿದ್ದು ನಾನು. ಪಾಪ, ಮೇಲೆ ಕಳಿಸು" ಎಂದಿದ್ದರು. ನೀನು ಬಂದರೆ ಬಿಲ್ಲೆಯ ಮಾತು ಬರುತ್ತದೆ ಎಂದು ನಿನ್ನನ್ನು ಅಟ್ಟಿ ಮೇಲೆ ಹೋದೆ. "ಬಂದ್ಲಾ?" ಎಂದರು. ಇಲ್ಲ, ಹೋಗಿಬಿಟ್ಟಿದ್ದಾಳೆ ಎಂದೆ. "ಹೆದರಿರಬೇಕು. ನಾಳೆ ಕರಿ" ಎಂದು ಕಣ್ಣು ಮುಚ್ಚಿದರು. ಮತ್ತೆ ಮಾತಾಡಲಿಲ್ಲ. ಕೊನೆಗೆ ಏನಂದರು ಎಂದು ಎಲ್ಲರೂ ಕೇಳಿದಾಗ, ಪ್ರಾರ್ಥನೆ ಮಾಡಿದರು ಎಂದೆ. ಅವರು ಕೊನೆಗೆ ಆಡಿದ ಮಾತು ನಿನ್ನದು. ಇಷ್ಟು ದಿನ ನನ್ನ ಹತ್ತಿರವೇ ಇಟ್ಟುಕೊಂಡಿದ್ದೆ. ತಗೋ.