ನಕ್ಷೆಯ ಆಚೆಗೆ ಹೋಗುವ ಕೈ

ಮನೆಯಿಂದ, ಊಟದ ಮೇಜಿನ ಮೇಲೆ
ಸೋಮವಾರ, ಹನ್ನೊಂದನೇ ತಾರೀಖು

ಪ್ರೀತಿಯ ಗುಬ್ಬಿ,

ಮೊದಲು ನಿನ್ನ ಮೈ ಹೇಗಿದೆ ಹೇಳು. ಹೋದ ಸಲದ ಕಾರ್ಡಿನಲ್ಲಿ ಬೆನ್ನುನೋವು ಎಂದು ಬರೆದಿದ್ದೆ. ದಿನವಿಡೀ ಬಗ್ಗಿ ಕುಳಿತು ಹಾರ್ಮೋನಿಯಂ ರಿಪೇರಿ ಮಾಡಿದರೆ ಬೆನ್ನೇನು ಹಾಡು ಹೇಳುತ್ತದೆಯೇ? ಗಂಟೆಗೊಮ್ಮೆ ಎದ್ದು ಅಂಗಡಿಯ ಬಾಗಿಲವರೆಗಾದರೂ ನಡೆದು ಬಾ. ಮೂವತ್ತೆಂಟು ತುಂಬಿದವನನ್ನು ಗುಬ್ಬಿ ಎಂದು ಕರೆಯಬಾರದು, ನನಗೂ ಗೊತ್ತು. ಆದರೆ ನಾನು ಮದುವೆಯಾಗಿ ಈ ಮನೆಗೆ ಬಂದಾಗ ನಿನಗೆ ಒಂಬತ್ತು ವರ್ಷ, ತಟ್ಟೆಯಲ್ಲಿದ್ದುದನ್ನು ಕೆದಕಿ ಕೆದಕಿ ಕಾಳಿನಷ್ಟು ತಿನ್ನುತ್ತಿದ್ದೆ. ಅವತ್ತು ಇಟ್ಟ ಹೆಸರು ಅತ್ತಿಗೆಯ ಬಾಯಿಂದ ಇನ್ನು ಹೋಗುವುದಿಲ್ಲ. ನನ್ನ ಮಂಡಿನೋವು ಹಾಗೇ ಇದೆ. ಮಹಡಿ ಹತ್ತುವಾಗ ಮೆಟ್ಟಿಲಿಗೊಂದರಂತೆ ನಿನ್ನ ಅಣ್ಣನನ್ನು ಬೈಯುತ್ತೇನೆ, ಅದರಿಂದ ಸ್ವಲ್ಪ ಕಡಿಮೆಯಾಗುತ್ತದೆ.

ಇನ್ನು ಅಣ್ಣನ ವಿಷಯ. ನೀನು ಕೇಳುವುದಿಲ್ಲ, ನಾನು ಹೇಳದೆ ಬಿಡುವುದಿಲ್ಲ. ಊರಿಗೆ ಇವರು ಇವತ್ತಿಗೂ ಮಳೆಯಣ್ಣನೇ. ಸಂಜೆ ಏಳೂವರೆಗೆ ನಮ್ಮ ಲೋಕಲ್ ಚಾನೆಲ್ಲಿನಲ್ಲಿ ಎರಡು ನಿಮಿಷ ಹವಾಮಾನ, ಕೊನೆಗೆ ಹಾಡಿನ ಎರಡು ಸಾಲು. ಎದುರು ಮನೆಯ ಲಾಂಡ್ರಿಯವಳು ಇವರ ಮಾತು ಕೇಳಿಕೊಂಡೇ ಬಟ್ಟೆ ನೆನೆಹಾಕುವುದು. ಗಾರೆ ಮೇಸ್ತ್ರಿ ಇವರಿಗೆ ಫೋನ್ ಮಾಡದೆ ಸಿಮೆಂಟು ಕಲಸುವುದಿಲ್ಲ. ನೀನು ಹೋದ ಮೇಲೆ ಒಂದು ಸಲ, ಬೇಕರಿಯವನ ಮಗಳ ಮದುವೆಯ ದಿನ ಹನಿ ಮಳೆಯೂ ಇಲ್ಲ ಎಂದುಬಿಟ್ಟರು. ಬಂದವರೆಲ್ಲ ಸುರಿವ ಮಳೆಯಲ್ಲಿ ತೊಯ್ದು ತೊಪ್ಪೆಯಾದರು. ಮಾರನೆಯ ಬೆಳಿಗ್ಗೆ ಇವರೇ ಹೋಗಿ ಇನ್ನೂರು ಕುರ್ಚಿ ಒರೆಸಿಕೊಟ್ಟು ಬಂದರು, ಸಂಜೆ ಟೀವಿಯಲ್ಲಿ ಮದುಮಗಳ ಕ್ಷಮೆ ಕೇಳಿ ಹಾಡಿದರು. ಮಳೆ ತಪ್ಪಿದರೂ ಮಳೆಯಣ್ಣನ ಹಾಡು ತಪ್ಪದು ಎನ್ನುವುದು ಈಗ ಊರಿನ ಗಾದೆಯೇ ಆಗಿದೆ. ಬೇಕರಿಯವನ ಮುಂದೆ ತಗ್ಗಿದ ಆ ತಲೆ ಮನೆಯೊಳಗೆ ಮಾತ್ರ ತಗ್ಗುವುದಿಲ್ಲ. ಊರಿಗೆಲ್ಲ ನಾಳೆಯದನ್ನು ಹೇಳುವವರು ನಮ್ಮ ಮನೆಯ ನಿನ್ನೆಯದರ ಬಗ್ಗೆ ತುಟಿ ಬಿಚ್ಚುವುದಿಲ್ಲ.

ಕೆಲಸದ ರೀತಿಯೂ ಅದೇ. ಮಧ್ಯಾಹ್ನ ಈ ಮೇಜಿನ ಮೇಲೆ ಹಾಳೆ ಹರಡಿಕೊಂಡು, ಟೈಮರ್ ಒತ್ತಿ, ಒಂದೊಂದು ವಾಕ್ಯವನ್ನೂ ಗಟ್ಟಿಯಾಗಿ ಓದಿ, ಎಷ್ಟು ಸೆಕೆಂಡು ಹಿಡಿಯಿತು ಎಂದು ಪಕ್ಕದಲ್ಲಿ ಕೆಂಪು ಪೆನ್ನಿನಿಂದ ಬರೆಯುತ್ತಾರೆ. ಉತ್ತರದ ಕಡೆ ಚದುರಿದ ಮೋಡ ಎಂದರೆ ಮೂರು. ದೋಣಿಯವರು ನೀರಿಗಿಳಿಯಬಾರದು ಎಂದರೆ ನಾಲ್ಕು, ಅದನ್ನು ನಿಧಾನವಾಗಿ ಹೇಳಬೇಕಂತೆ. ಎಲ್ಲ ಕೂಡಿ ನೂರ ಇಪ್ಪತ್ತು ಮೀರಬಾರದು. ನಡುವೆ ನಾನು ಟೀ ಬೇಕಾ ಎಂದು ಕೇಳಿದರೆ ಅದಕ್ಕೂ ಟೈಮರ್ ಒತ್ತುತ್ತಾರೆ, ಪುಣ್ಯಾತ್ಮ.

ನಿನಗೆ ನೆನಪಿರಬೇಕು, ಸ್ಟುಡಿಯೋದಲ್ಲಿ ಇವರ ಹಿಂದೆ ನಕ್ಷೆಯೇ ಇರುವುದಿಲ್ಲ, ಬರೀ ಹಸಿರು ಗೋಡೆ. ನಕ್ಷೆ ಕಾಣುವುದು ನಮಗೆ, ಟೀವಿಯಲ್ಲಿ. ಇವರು ಪಕ್ಕದ ಪುಟ್ಟ ಪರದೆಯಲ್ಲಿ ತಮ್ಮನ್ನೇ ನೋಡಿಕೊಳ್ಳುತ್ತ ಕೈ ತೋರಿಸಬೇಕು. ಇಪ್ಪತ್ತೆರಡು ವರ್ಷದಲ್ಲಿ ಇವರ ಬೆರಳು ಒಂದು ಊರನ್ನೂ ತಪ್ಪಿಸಿಲ್ಲ. ಆದರೆ ಹನ್ನೆರಡು ವರ್ಷದಿಂದ ಒಂದೇ ಒಂದು ತಪ್ಪು ಮಾಡುತ್ತಾರೆ. ಪೂರ್ವದ ಬೆಟ್ಟಸಾಲು ಮುಗಿದಲ್ಲಿಗೆ ಚಾನೆಲ್ಲಿನ ನಕ್ಷೆಯೂ ಮುಗಿಯುತ್ತದೆ. ಇವರ ಕೈ ಅಲ್ಲಿ ನಿಲ್ಲುವುದಿಲ್ಲ. ಇನ್ನೊಂದು ಗೇಣು ಆಚೆಗೆ ಹೋಗಿ, ಏನೂ ಇಲ್ಲದ ಜಾಗದಲ್ಲಿ ಒಂದು ಗಳಿಗೆ ನಿಂತು, ಹಿಂದಕ್ಕೆ ಬರುತ್ತದೆ. ನಿರ್ದೇಶಕರು ಬೈದು ನೋಡಿದರು. ಕ್ಯಾಮೆರಾದವನು ಗೋಡೆಗೆ ಗುರುತಿನ ಟೇಪು ಅಂಟಿಸಿ ನೋಡಿದ. ಅಂದಾಜು ಸಿಗುವುದಿಲ್ಲ ಎನ್ನುತ್ತಾರೆ ಇವರು. ಬೆಟ್ಟದಿಂದ ಒಂದು ಗೇಣು ಆಚೆ ಯಾರ ವಾದ್ಯದ ಅಂಗಡಿ ಇದೆಯೆಂದು ಅವರಿಗೆಲ್ಲ ಏನು ಗೊತ್ತು? ನೀನು ನನ್ನ ಹೆಸರಿಗೆ ಕಳಿಸುವ ಕಾರ್ಡುಗಳನ್ನು ನಾನು ಡ್ರಾಯರಿನಲ್ಲಿ ವಿಳಾಸ ಮೇಲಾಗಿ ಇಡುತ್ತೇನೆ. ವಾರ ಕಳೆಯುವುದರೊಳಗೆ ಅವು ಮಗುಚಿಕೊಂಡಿರುತ್ತವೆ. ಈ ಮನೆಯಲ್ಲಿ ಇರುವುದು ನಾವಿಬ್ಬರೇ.

ಆ ಹಳೆಯ ವಿಷಯವನ್ನು ನಾವು ಯಾರೂ ಎತ್ತಿಲ್ಲ. ಇವತ್ತು ನಾನು ಎತ್ತುತ್ತೇನೆ, ಅದರಲ್ಲಿ ನನ್ನ ಪಾಲೂ ಇದೆ. ಮಹಡಿಯ ಮೆಟ್ಟಿಲ ಮೇಲೆ ಕುಳಿತು ನೀನು ಆ ಹಾಡು ಕಟ್ಟಿದ್ದು ನನ್ನ ಕಣ್ಣೆದುರೇ. 'ಯಾವ ಊರ ಮೋಡವೋ ನಮ್ಮ ಬಾಗಿಲಿಗೆ ಬಂತು' ಎಂದು ಒಂದೇ ಸಾಲನ್ನು ಹತ್ತು ರೀತಿ ಹಾಡಿ ತಲೆ ತಿಂದಿದ್ದೆ. ಅದೇ ವಾರ ಸ್ಟುಡಿಯೋದಲ್ಲಿ ಜಾಹೀರಾತು ಕೈಕೊಟ್ಟು, ಅರ್ಧ ನಿಮಿಷ ಹೇಗಾದರೂ ತುಂಬಿಸಿ ಎಂದು ನಿರ್ದೇಶಕರು ಕೈಸನ್ನೆ ಮಾಡಿದರು. ಇವರ ಬಾಯಿಗೆ ಬಂದದ್ದು ನಿನ್ನ ಹಾಡು. ಅಲ್ಲಿಯವರೆಗೆ ತಪ್ಪಿಲ್ಲ. ಪತ್ರಿಕೆಯವನು ಬಂದು ನಿಮ್ಮದೇ ಹಾಡಾ ಎಂದು ಕೇಳಿದಾಗ ನಕ್ಕು ಕಾಲರು ಸರಿಮಾಡಿಕೊಂಡರಲ್ಲ, ತಪ್ಪು ಅದು. ನನ್ನ ತಪ್ಪು ಇನ್ನೂ ದೊಡ್ಡದು. ಪತ್ರಿಕೆಯಲ್ಲಿ ಬಂದ ಆ ಸುದ್ದಿಯನ್ನು ಕತ್ತರಿಸಿ, ಕಟ್ಟುಹಾಕಿಸಿ, ಈ ಮೇಜಿನ ಎದುರಿನ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದವಳು ನಾನು. ದಿನಾ ಅದರ ಮುಂದೆ ಕುಳಿತು ಉಣ್ಣಬೇಕಾದವನು ನೀನೆಂದು ನನಗೆ ಹೊಳೆಯಲೇ ಇಲ್ಲ.

ನೀನು ಕೇಳಿದ್ದು ಒಂದೇ ಮಾತು. "ಅಣ್ಣಾ, ನನ್ನ ಹೆಸರು ಹೇಳೋಕೆ ಎಷ್ಟು ಹೊತ್ತು ಬೇಕಿತ್ತು?" ಕೊಡುವುದೇ ಎರಡು ನಿಮಿಷ, ಅದರಲ್ಲಿ ನಿನ್ನ ಹೆಸರು ಎಲ್ಲಿ ತೂರಿಸಲಿ ಎಂದು ಇವರು ಕೂಗಾಡಿದರು. ನೀನು ಅರ್ಧ ಊಟಕ್ಕೇ ಎದ್ದೆ, ಬೆಳಗಿನ ಬಸ್ಸು ಹಿಡಿದೆ. ನಾನು ಗೋಡೆಯ ಆ ಕಟ್ಟು ಕೆಳಗಿಳಿಸಿದ್ದು ಆಮೇಲೆ, ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಇವರು ಬೇರೆ ಹಾಡು ಹಾಡಿ ನೋಡಿದರು. ಜನ ಫೋನ್ ಮಾಡಿ ಅದೇ ಬೇಕು ಎಂದರು. ಹಾಗಾಗಿ ದಿನಾ ಮೊದಲ ಎರಡು ಸಾಲು ಹಾಡಿ, ಉಳಿದದ್ದು ಇನ್ನೊಮ್ಮೆ ಎಂದು ಕೈಮುಗಿಯುತ್ತಾರೆ. ಆ ಇನ್ನೊಮ್ಮೆ ಹನ್ನೆರಡು ವರ್ಷದಿಂದ ಬಂದಿಲ್ಲ.

ಈಗ ಸುದ್ದಿ. ಈ ಶುಕ್ರವಾರ ಇವರ ಕೊನೆಯ ಹವಾಮಾನ. ಇನ್ನು ಮುಂದೆ ಅದನ್ನೆಲ್ಲ ಯಂತ್ರವೇ ಓದುತ್ತದಂತೆ. ಅದರ ಜೊತೆಗೆ ಇವರ ಗಂಟಲಲ್ಲಿ ಒಂದು ಗಂಟು ಕಂಡಿದೆ. ಮುಂದಿನ ಮಂಗಳವಾರ ಆಪರೇಷನ್. ಜೀವಕ್ಕೆ ಭಯವಿಲ್ಲ, ಮಾತೂ ಬರುತ್ತದೆ, ಹಾಡಿನ ಬಗ್ಗೆ ಮಾತ್ರ ಭರವಸೆ ಕೊಡಲಾರೆ ಎಂದರು ಡಾಕ್ಟರು. ಇಷ್ಟು ವರ್ಷ ಒದರಿದ್ದು ಸಾಲದಾ ಎಂದು ಇವರು ನಕ್ಕರು. ಬಸ್ಸಿನಲ್ಲಿ ಬರುವಾಗ ನನ್ನ ಕೈ ಬಿಡಲಿಲ್ಲ. ಕೊನೆಯ ದಿನವಾದರೂ ಪೂರ್ತಿ ಹಾಡಿ ಎಂದು ನಿರ್ದೇಶಕರು ಕೇಳಿದರು, ಲಾಂಡ್ರಿಯವಳು ಕೇಳಿದಳು, ಹೋದ ವಾರ ಬಡಿಸುತ್ತ ನಾನೂ ಕೇಳಿದೆ. ತಟ್ಟೆ ನೋಡುತ್ತಲೇ ಹೇಳಿದರು, "ಅರ್ಧ ಕದ್ದಿದ್ದು ಸಾಲದೇನೇ? ಉಳಿದಿದ್ದಾದ್ರೂ ಅವನ ಹತ್ರ ಇರ್ಲಿ." ಹನ್ನೆರಡು ವರ್ಷದಲ್ಲಿ ನಿನ್ನ ಬಗ್ಗೆ ಮೊದಲ ಮಾತು. ನಾನು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ಅತ್ತೆ. ನೀನಿಲ್ಲದೆ ನನಗೆ ಈ ಮನೆ ಮನೆಯೆನಿಸಿಲ್ಲ ಗುಬ್ಬಿ. ಮಹಡಿಯ ಮೆಟ್ಟಿಲ ಮೇಲೆ ಯಾರಾದರೂ ಸುಮ್ಮನೆ ಕುಳಿತಿದ್ದರೂ ಸಾಕು ಎನಿಸುತ್ತದೆ.

ಬೆನ್ನಿಗೆ ಬಿಸಿನೀರಿನ ಶಾಖ ಕೊಡು. ಹೊಟ್ಟೆ ತುಂಬ ಉಣ್ಣು. ಎಲ್ಲೇ ಇರು, ಸುಖವಾಗಿರು ಎಂದು ಹರಸಬೇಕು. ಎಲ್ಲೇ ಇರು ಎಂದು ಬರೆಯಲು ಕೈ ಬರುತ್ತಿಲ್ಲ. ಸುಖವಾಗಿರು.

ನಿನ್ನ
ಅತ್ತಿಗೆ

ಮರೆಯುವ ಮುನ್ನ: ಅಂಟಿಸಿದ ಲಕೋಟೆ ಬಿಚ್ಚಿ ಬರೆಯುತ್ತಿದ್ದೇನೆ. ಬೆಟ್ಟದ ಬಸ್ಸು ಹೊರಡುವ ಹೊತ್ತಾಯಿತು, ಡ್ರೈವರನ ಕೈಯಲ್ಲೇ ಕೊಟ್ಟುಕಳಿಸುತ್ತೇನೆ. ಇವರು ಈಗಷ್ಟೇ ಸ್ಟುಡಿಯೋಗೆ ಹೋದರು. ಮೇಜು ಒರೆಸುವಾಗ ಶುಕ್ರವಾರದ ಹಾಳೆ ಸಿಕ್ಕಿತು. ಕೊನೆಯಲ್ಲಿ 'ಈ ಹಾಡು ಕಟ್ಟಿದವನು ನನ್ನ ತಮ್ಮ' ಎಂದು ಬರೆದು ಮುಂದೆ ನಿನ್ನ ಹೆಸರು, ಪೂರ್ತಿ ಹೆಸರು, ಬರೆದಿದ್ದಾರೆ. ಹೆಸರಿನ ಪಕ್ಕ ಕೆಂಪು ಪೆನ್ನಿನಲ್ಲಿ ಎರಡು ಸೆಕೆಂಡು ಎಂದಿದೆ. ಅದನ್ನು ಹೊಡೆದು ಐದು. ಅದನ್ನೂ ಹೊಡೆದು ಒಂಬತ್ತು. ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಏನೋ ಹೇಳಿ ನೋಡುವುದು ನನಗೆ ಕೇಳಿಸುತ್ತಿತ್ತು, ಅದು ಇದೇ ಎಂದು ಈಗ ತಿಳಿಯಿತು, ಪ್ರತಿ ಸಲವೂ ಅರ್ಧಕ್ಕೆ ನಿಲ್ಲಿಸಿ ಮತ್ತೆ ಮೊದಲಿನಿಂದ ಹೇಳುತ್ತಾರೆ. ನಮ್ಮ ಚಾನೆಲ್ಲು ಬೆಟ್ಟದ ಆಚೆ ಬರುವುದಿಲ್ಲ. ಕೇಳಬೇಕಾದರೆ ನೀನೇ ಇಲ್ಲಿಗೆ ಬರಬೇಕು. ಶುಕ್ರವಾರ, ಏಳೂವರೆ. ಉಳಿದ ಹಾಡು ತೆಗೆದುಕೊಂಡು ಬಾ.