ಮೊಳೆಗೆ ಸಿಕ್ಕಿಸಿದ ಪಟ್ಟಿ

ಮನೆಯಿಂದ,
ಶನಿವಾರ, ಹದಿನಾಲ್ಕನೆಯ ತಾರೀಖು

ಪ್ರೀತಿಯ ಅಕ್ಕಾ,

ನಮಸ್ಕಾರ. ನಿನ್ನ ಮೊಣಕಾಲು ನೋವು ಹೇಗಿದೆ? ಭಾವ ಬೆಳಗಿನ ನಡಿಗೆಯನ್ನು ಮತ್ತೆ ಆರಂಭಿಸಿದರೇ? ಅಮ್ಮ ಆರೋಗ್ಯವಾಗಿದ್ದಾಳೆ, ಊಟ, ನಿದ್ದೆ, ನನ್ನನ್ನು ಗದರುವುದು ಮೂರೂ ಕ್ರಮವಾಗಿ ನಡೆದಿವೆ. ನೀನು ಕೊಡಿಸಿದ ಅವಳ ಮೊಬೈಲು ಬುಧವಾರದಿಂದ ಸ್ವಿಚ್ ಆಫ್ ಎನ್ನುತ್ತಿರುವುದೇಕೆಂದು ನಿನ್ನೆ ನೀನು ನನಗೆ ಫೋನು ಮಾಡಿ ಕೇಳಿದೆ. ಕೆಲಸವಿದೆ ಎಂದು ಫೋನಿಟ್ಟುಬಿಟ್ಟೆ. ಅದಕ್ಕೇ ಈ ಕಾಗದ. ನಾಳೆ ನಿಮ್ಮೂರಿಗೆ ಬರುವ ಪಕ್ಕದ ಮನೆಯವರ ಕೈಯಲ್ಲಿ ಕಳಿಸುತ್ತಿದ್ದೇನೆ.

ನಮ್ಮ ಕಸ ವಿಂಗಡಣೆ ಕೇಂದ್ರದಲ್ಲಿ ನಾನು ನಡೆಸುತ್ತಿರುವ ಪ್ರಯೋಗದ ವಿಷಯ ನಿನಗೆ ಗೊತ್ತಿದೆ. ಹಾಲಿನ ಕವರು, ಬಿಸ್ಕತ್ತಿನ ಪೊಟ್ಟಣ, ಶಾಂಪೂ ಸ್ಯಾಶೆ, ಹೀಗೆ ಯಾರಿಗೂ ಬೇಡವಾದ ತೆಳು ಪ್ಲಾಸ್ಟಿಕ್ಕನ್ನು ಮುನ್ನೂರು ಮನೆಯವರು ತೊಳೆದು ಒಣಗಿಸಿ, ನಾವು ಕೊಟ್ಟ ನೀಲಿ ಚೀಲದಲ್ಲಿ ತುಂಬಿ ಬುಧವಾರ ಬಾಗಿಲಲ್ಲಿಡುತ್ತಾರೆ. ಚೀಲದ ಕತ್ತಿಗೆ ಮನೆಯ ನಂಬರಿನ ತಗಡಿನ ಪಟ್ಟಿ. ಮೇಜಿನ ಮೇಲೆ ಚೀಲ ಬಿಚ್ಚಿದವರು ಪಟ್ಟಿಯನ್ನು ಗೋಡೆಯ ಮೊಳೆಗೆ ಸಿಕ್ಕಿಸಬೇಕು; ಒತ್ತಿ ಮೂಟೆ ಕಟ್ಟುವ ಯಂತ್ರಕ್ಕೆ ಕೊನೆಗೆ ಹೋದದ್ದು ಯಾರದೆಂದು ಮೊಳೆಯೇ ಹೇಳುತ್ತದೆ. ಈ ಕ್ರಮ ನನ್ನದು. ಕವರಿನೊಳಗೆ ಕವರು ತುರುಕಬಾರದೆಂಬ ನಿಯಮವೂ ನನ್ನದೇ. ಒಂದನೆಯ ನಂಬರು ನಮ್ಮ ಮನೆಗಿರಲೆಂದು ಚೀಲ ತಂದುಕೊಟ್ಟಾಗ ಅಮ್ಮ ಅದನ್ನು ಬೀದಿಗೆಲ್ಲ ತೋರಿಸಿದಳು. ನಿಯಮ ಓದಿಯೂ, "ಅರವತ್ತು ವರ್ಷ ಸಂಸಾರ ಮಾಡಿದವಳಿಗೆ ಕವರು ಮಡಿಸೋದು ಹೇಳ್ಕೊಡ್ತೀಯೇನೋ?" ಎಂದಳು. ತೇವ ತಾಗದಿರಲೆಂದು ಬೆಲೆಯುಳ್ಳದ್ದನ್ನೆಲ್ಲ ಕವರಿನ ಮೇಲೆ ಕವರು ಸುತ್ತಿಡುವವಳು ಅವಳು. ಅಪ್ಪನ ಕನ್ನಡಕ ಏಳನೆಯ ಪದರದಲ್ಲಿ ಸಿಕ್ಕದ್ದು ನೆನಪಿದೆಯಲ್ಲ?

ಬುಧವಾರ ಮಧ್ಯಾಹ್ನ ಯಂತ್ರದೊಳಗೆ ಏನೋ ಸಿಡಿದು ಬೆಂಕಿ ಹತ್ತಿತು. ವಿಂಗಡಿಸುವ ಹೆಂಗಸಿನ ಬಲಗೈ ಮೊಣಕೈವರೆಗೆ ಸುಟ್ಟಿದೆ. ಬೂದಿಯಲ್ಲಿ ಸಿಕ್ಕಿದ್ದು ಉಬ್ಬಿ ಒಡೆದ ಬ್ಯಾಟರಿ. ಬಿಚ್ಚಿದ ಚೀಲಗಳ ಲೆಕ್ಕಕ್ಕೆ ಒಂದು ಪಟ್ಟಿ ಕಡಿಮೆ; ಕೊನೆಯ ಚೀಲದ್ದು ಮೊಳೆಯಲ್ಲಿರಲಿಲ್ಲ. ಚೀಲವನ್ನೂ ನೋಡಿಲ್ಲ, ಪಟ್ಟಿಯನ್ನೂ ಸಿಕ್ಕಿಸಿಲ್ಲ ಎಂದು ಮೇಲಧಿಕಾರಿಗಳು ತಪ್ಪನ್ನು ಅವಳ ತಲೆಗೇ ಕಟ್ಟಿದ್ದಾರೆ. ಸೋಮವಾರ ವಿಚಾರಣೆ, ಆಮೇಲೆ ಅವಳಿಗೆ ಕೆಲಸವಿಲ್ಲ. ಆಸ್ಪತ್ರೆಗೆ ಹೋಗಿದ್ದೆ. "ನಿಮ್ಮಾಣೆ ಸಾರ್, ಬಿಚ್ಚಿದಷ್ಟೂ ಒಳಗೆ ಇನ್ನೊಂದು ಕವರಿತ್ತು. ಪಟ್ಟಿ ಸಿಕ್ಸಿದ್ದೆ ಸಾರ್, ನೀವಾದ್ರೂ ನಂಬಿ" ಎಂದಳು. ನಾನು ತಲೆಯಾಡಿಸಿ ಹೊರಗೆ ಬಂದೆ.

ಅಕ್ಕಾ, ನನಗೆ ಹೆದರಿಕೆಯಾಗುತ್ತಿದೆ. ಈ ವಯಸ್ಸಿನಲ್ಲಿ ಹೀಗೆ ಬರೆಯಲು ನಾಚಿಕೆ. ಕೇಂದ್ರದ ಅಂಗಳದಲ್ಲಿ ಇನ್ನೂ ಹದಿನೆಂಟು ಮೂಟೆಗಳಿವೆ. ಅವು ಗಾಳಿಗೆ ಪರಪರ ಎಂದರೂ ಓಡಿಹೋಗಿ ನೋಡುತ್ತೇನೆ. ಯಾರಾದರೂ ಹೆಸರು ಹಿಡಿದು ಕರೆದರೆ ಕೈ ತಾನಾಗಿ ಅಂಗಿಯ ಜೇಬಿಗೆ ಹೋಗುತ್ತದೆ.

ಭಾವನಿಗೆ ನಮಸ್ಕಾರ ತಿಳಿಸು, ಮಕ್ಕಳಿಗೆ ಆಶೀರ್ವಾದ. ಮೊಣಕಾಲಿಗೆ ಬಿಸಿನೀರಿನ ಶಾಖ ತಪ್ಪಿಸಬೇಡ.

ನಿನ್ನ ತಮ್ಮ

ಮರೆತೆ: ಮೊಳೆಯಲ್ಲಿ ಕೊನೆಗಿದ್ದದ್ದು ಒಂದನೆಯ ನಂಬರು. ಹೊಗೆಯಲ್ಲಿ ಎಲ್ಲರೂ ಹೊರಗೆ ಓಡುವಾಗ ಅದನ್ನು ತೆಗೆದು ಜೇಬಿಗೆ ಹಾಕಿಕೊಂಡವನು ನಾನು. ಸೋಮವಾರ ಎಲ್ಲರೆದುರು ಮೇಜಿನ ಮೇಲಿಡುತ್ತೇನೆ. ಕಾಗದ ತಲುಪಿದ ಕೂಡಲೇ ಹೊರಟು ಬಾ, ಆ ಹೊತ್ತಿಗೆ ಅಮ್ಮನ ಪಕ್ಕದಲ್ಲಿ ನೀನಿರಬೇಕು. ಅವಳು ಮೂರು ದಿನದಿಂದ ಮೊಬೈಲು ಹುಡುಕುತ್ತಿದ್ದಾಳೆ. ನಾನೂ ಅವಳ ಜೊತೆ ಹಾಸಿಗೆ ಎತ್ತೆತ್ತಿ ಹುಡುಕುತ್ತಿದ್ದೇನೆ.