ಕೊನೆಯ ಸಾಲಿನ ಟಿಕ್

ಗುರುವಾರ, ಊಟದ ಬಿಡುವು

ಪ್ರೀತಿಯ ಅಕ್ಕಾ,

ದಿನಾ ಫೋನಿನಲ್ಲಿ ಮಾತಾಡುವವಳು ಇದೇನು ಕಾಗದ ಬರೆದಿದ್ದಾಳೆ ಅಂತ ಹುಬ್ಬೇರಿಸಬೇಡ. ಫೋನಿನಲ್ಲಿ ನೀನು ಏನೇ ಅಂದ ಕೂಡಲೇ ನಾನು ನಕ್ಕು ಮಾತು ಹಾರಿಸಿಬಿಡುತ್ತೇನೆ. ನಿನ್ನೆಯೂ ಅದೇ ಆಯಿತು. ಬಚ್ಚಲ ಬಾಗಿಲು ಹಾಕಿದರೆ ಸಾಕು ಪುಟ್ಟಿ ಕಿರುಚ್ತಾಳೆ, ಏನಾಗಿದೆಯೋ ಈ ಹುಡುಗಿಗೆ ಅಂತ ನೀನು ಗೋಳಾಡಿದೆ. ಮಕ್ಕಳು ಅಂದಮೇಲೆ ಇದೆಲ್ಲ ಇದ್ದದ್ದೇ ಅಂತ ನಾನು ಜಾರಿಕೊಂಡೆ.

ನನಗೆ ಭಯವಾಗಿದೆ ಅಕ್ಕಾ. ಅಕ್ಷರ ಕಾಗೆಕಾಲು ಗುಬ್ಬಿಕಾಲು ಆಗಿದ್ದರೆ ಹೊಟ್ಟೆಗೆ ಹಾಕಿಕೋ.

ಶಾಲೆಯ ಒಂದು ಬಸ್ಸಿಗೆ ಯಾವ ಮಗು ಹತ್ತಿತು ಅಂತ ತೋರಿಸುವ ವೆಬ್ ಪುಟವನ್ನು ನಾನು ಮಾಡಿಕೊಟ್ಟೆನಲ್ಲ, ಅದಕ್ಕೊಂದು ಜಾವಾಸ್ಕ್ರಿಪ್ಟ್ ಲೈಬ್ರರಿ, ಅಂದರೆ ಪುಟ ಕಟ್ಟಲು ಬೇಕಾದ ಸಿದ್ಧ ಕೋಡಿನ ಕಂತೆ, ಕಲಿಯಬೇಕಿತ್ತು. ನಿಮ್ಮ ಕೈಲಿ ಆಗುತ್ತೇನ್ರೀ ಅಂತ ಹೆಡ್ ಮಿಸ್ ಕೇಳಿದಾಗ, ಆಫೀಸಿನಲ್ಲಿ ಟೈಪು ಮಾಡಿಕೊಂಡು ಕೂತಿದ್ದವಳು ಓಹೋ ಆಗುತ್ತೆ ಅಂದುಬಿಟ್ಟೆ. ವಾರದೊಳಗೆ ಪಂಡಿತರಾಗಿ ಅನ್ನುವ ವಿಡಿಯೊಗಳನ್ನು ದುಪ್ಪಟ್ಟು ವೇಗದಲ್ಲಿ ಓಡಿಸಿ ನೋಡಿದೆ. ಪುಟ ಎದ್ದು ನಿಂತಾಗ, ನನ್ನ ತಂಗಿ ನೋಡಿ, ಒಂದೇ ವಾರ ಅಂತ ನೀನು ಬೀದಿಗೆಲ್ಲ ಡಂಗುರ ಸಾರಿದೆ. ನಾನೂ ಉಬ್ಬಿಹೋದೆ.

ಆದರೆ ಬ್ರೌಸರು ಮೊದಲಿನಿಂದಲೂ ಕೆಂಪಕ್ಷರದಲ್ಲಿ ಗೊಣಗುತ್ತಿತ್ತು. ಪ್ರತಿ ಮಗುವಿನ ಸಾಲಿಗೂ ಆ ಮಗುವಿನದೇ ಆದ ಗುರುತು ಕೊಡು ಅನ್ನುತ್ತಿತ್ತು. ಅದನ್ನು ವಿವರಿಸುವ ವಿಡಿಯೊವನ್ನೇ ನಾನು ಹಾರಿಸಿದ್ದೆ. ಒಂದು, ಎರಡು, ಮೂರು ಅಂತ ಸಾಲಿನ ಸಂಖ್ಯೆಯನ್ನೇ ಗುರುತು ಅಂತ ಕೊಟ್ಟೆ. ಕೆಂಪಕ್ಷರ ಮಾಯವಾಯಿತು. ಪೀಡೆ ತೊಲಗಿತು ಅಂತ ಟೀ ಕುಡಿಯಲು ಎದ್ದೆ.

ಸೋಮವಾರ ಗೇಟಿನ ಬಳಿ ಟೀಚರ್ ಒಬ್ಬ ಹುಡುಗನ ಹೆಸರಿಗೆ ಟಿಕ್ ಹಾಕಿದರು. ಅಷ್ಟರಲ್ಲಿ ಅವನ ಅಪ್ಪ ಬಂದು ಬಸ್ಸಿನಿಂದ ಇಳಿಸಿಕೊಂಡು ಹೋದರು. ಟೀಚರ್ ಅವನ ಸಾಲನ್ನು ಅಳಿಸಿದರು. ಹುಡುಗ ಹೋದ, ಟಿಕ್ ಹೋಗಲಿಲ್ಲ. ನಾನು ಕೊಟ್ಟಿದ್ದ ಗುರುತು ಮಗುವಿನದಲ್ಲ, ಜಾಗದ್ದು ತಾನೇ? ಅವನ ಕೆಳಗೆ ಕೊನೆಯ ಸಾಲಿನಲ್ಲಿದ್ದ ಮಗು ಆ ಜಾಗಕ್ಕೆ ಏರಿತು, ಟಿಕ್ ಅದರ ಪಾಲಾಯಿತು. ಎಲ್ಲರೂ ಹತ್ತಿದ್ದಾರೆ ಅಂತ ಪರದೆ ತೋರಿಸಿತು. ಬಸ್ಸು ಹೊರಟಿತು.

ಆ ಮಗು ಮರೆತುಬಂದ ಚಿತ್ರ ತರಲು ಚಿತ್ರಕಲೆಯ ಕೋಣೆಗೆ ಹೋಗಿತ್ತು. ಗುಡಿಸುವವರು ನೋಡದೆ ಬೀಗ ಹಾಕಿದ್ದರು. ಕಾವಲುಗಾರ ಬಂದು, ಮೇಡಂ, ಆ ರೂಮಿಂದ ಏನೋ ಸದ್ದು ಬರ್ತಿತ್ತು, ಈಗ ನಿಂತೋಯ್ತು ಅಂದ. ಎದ್ದುಬಿದ್ದು ಓಡಿ ಬೀಗ ತೆಗೆದೆ. ಕೂಗಿ ಕೂಗಿ ಮಗುವಿನ ಗಂಟಲು ಕಟ್ಟಿತ್ತು. ಬಾಗಿಲ ಒಳಮೈಮೇಲೆಲ್ಲ ನೀಲಿ ಬಣ್ಣದ ಅಂಗೈ ಅಚ್ಚುಗಳು. ಬಸ್ಸು ಇನ್ನೂ ಆ ಮಗು ಇಳಿಯುವ ಕೊನೆಯ ಸ್ಟಾಪ್ ಮುಟ್ಟಿರಲಿಲ್ಲ, ಮನೆಯವರಿಗೆ ಏನೂ ಗೊತ್ತಾಗಿರಲಿಲ್ಲ.

ಹೆಡ್ ಮಿಸ್‌ಗೆ ಇನ್ನೂ ಹೇಳಿಲ್ಲ. ಕಾವಲುಗಾರನ ಬಾಯಿಯನ್ನೂ ಕಟ್ಟಿದ್ದೇನೆ. ಪುಟವನ್ನು ತಿದ್ದಿದ್ದೇನೆ, ಆದರೆ ಆ ತಿದ್ದುವುದನ್ನೂ ಕಲಿತದ್ದು ಹೀಗೇ ತರಾತುರಿಯಲ್ಲಿ. ಇನ್ನೆಲ್ಲಿ ಯಾವ ಎಚ್ಚರಿಕೆಯ ಬಾಯಿ ಮುಚ್ಚಿಸಿದ್ದೇನೋ ನನಗೇ ಗೊತ್ತಿಲ್ಲ. ಬಸ್ಸು ಹೊರಡುವ ಹೊತ್ತಿಗೆ ಏನಾದರೊಂದು ನೆಪ ಹೇಳಿ ಒಳಗೆ ಹತ್ತಿ ತಲೆ ಎಣಿಸುತ್ತೇನೆ. ಮುಂದಿನ ವಾರದಿಂದ ಎಲ್ಲ ಬಸ್ಸಿಗೂ ಇದೇ ಪುಟ ಅಂತ ಹೆಡ್ ಮಿಸ್ ಇವತ್ತು ಬೆನ್ನು ತಟ್ಟಿದರು. ಅಷ್ಟು ಬಸ್ಸಿಗೆ ನಾನೊಬ್ಬಳು ಹೇಗೆ ಹತ್ತಲಿ?

ಕೊನೆಯ ಗಂಟೆ ಹೊಡೆಯುವ ಮೊದಲು ಅವರ ಕೋಣೆಗೆ ಹೋಗಿ ಎಲ್ಲ ಹೇಳುತ್ತೇನೆ. ಪುಟ ತೆಗೆದುಹಾಕಿ, ಹಳೆಯ ಹಾಗೆ ಹೆಸರು ಕೂಗಿ ಹತ್ತಿಸಿ ಅಂತ ಕೇಳಿಕೊಳ್ಳುತ್ತೇನೆ. ಕೆಲಸ ಹೋಗಬಹುದು. ಅವರ ಬೈಗುಳವನ್ನು ಹೇಗೋ ನುಂಗಿಕೊಂಡೇನು, ನಿನ್ನ ಮುಖ ನೆನೆದರೆ ಮಾತ್ರ ಕುರ್ಚಿಯಿಂದ ಏಳಲು ಆಗುತ್ತಿಲ್ಲ.

ನೀನೇ ಹೆಸರಿಟ್ಟ,
ನಿನ್ನ ಗಡಿಬಿಡಿ

ತಾ.ಕ.: ಬಚ್ಚಲ ಬಾಗಿಲು ಹಾಕಬೇಡ ಅಕ್ಕಾ. ಪುಟ್ಟಿ ನನ್ನ ಜೊತೆ ಆಫೀಸಿನಲ್ಲಿ ಆಡುತ್ತಾ ಉಳಿದಳು, ನಾನೇ ಕರೆತರುತ್ತೇನೆ ಅಂತ ಸೋಮವಾರ ಫೋನ್ ಮಾಡಿದ್ದೆನಲ್ಲ, ಅದು ಸುಳ್ಳು. ಅಮ್ಮನಿಗೆ ಹೇಳಬಾರದು ಅಂತ ಅವಳಿಂದ ಆಣೆ ಹಾಕಿಸಿಕೊಂಡಿದ್ದೇನೆ. ಅವಳು ಮಾತಿಗೆ ತಪ್ಪಿಲ್ಲ. ಯಾಕೆ ಕಿರುಚ್ತೀಯ ಅಂತ ಅವಳನ್ನು ಗದರಬೇಡ, ನನ್ನನ್ನು ಕೇಳು.